ಕಳಲೆ ಸಾರು, ತರಿ ಕಡುಬು, ಒಂದೆಲಗದ ತಂಬುಳಿ: ಮಲೆನಾಡಿನ ಮಳೆಗಾಲದ ಊಟಕ್ಕೆ ಸಮಗ್ರ ಮಾರ್ಗದರ್ಶಿ

ಆರಿದ್ರಾ ಮಳೆ ಹಿಡಿದು ಬಿದಿರು ಮೆಳೆಯ ಬುಡದಲ್ಲಿ ಕಳಲೆ ಮೂಡಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಲ್ಲಿ ಕಡುಬಿನ ಪಾತ್ರೆ ಅಟ್ಟದಿಂದ ಇಳಿಯುತ್ತದೆ. ಬಿಸಿ ಕಡುಬು, ಹೆಸರುಕಾಳು ಹಾಕಿದ ಕಳಲೆ ಸಾರು, ಪಕ್ಕಕ್ಕೆ ತಣ್ಣನೆಯ ತಂಬುಳಿ. ಇದು ಹಬ್ಬದ ಅಡುಗೆಯಲ್ಲ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮನೆಮಂದಿ ಸುಮ್ಮನೆ ಉಣ್ಣುವ ಊಟ. ಆದರೂ ಶಿವಮೊಗ್ಗ, ಬೆಂಗಳೂರು ಸೇರಿದ ಎಷ್ಟೋ ಮನೆಗಳಲ್ಲಿ ಕಡುಬು ಕೈಗೆ ಅಂಟುತ್ತದೆ, ಸಾರು ಕಹಿಯಾಗುತ್ತದೆ, ಕೊನೆಗೆ ಅಡುಗೆಯೇ ಕೈಬಿಟ್ಟು ಹೋಗುತ್ತದೆ. ಈ ಊಟದ ಕಷ್ಟವೆಲ್ಲ ಇರುವುದು ನೀರಿನಲ್ಲಿ. ಕಳಲೆಯ ನೀರನ್ನು ಎಷ್ಟು ಸಲ ಬದಲಿಸಬೇಕು, ಅಕ್ಕಿ ಒಡೆದ ತರಿಗೆ ಎಷ್ಟು ನೀರು ಹಿಡಿಯುತ್ತದೆ, ಹಬೆಯ ನೀರು ಕಡುಬಿನ ಮೇಲೆ ಬೀಳದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದು ತಿಳಿದರೆ ಉಳಿದದ್ದು ದಿನನಿತ್ಯದ ಅಡುಗೆಯೇ.

ಇಲ್ಲಿನ ಅಳತೆ ನಾಲ್ಕು ಜನರ ಊಟಕ್ಕೆ. ಲೋಟ ಎಂದರೆ 200 ಮಿಲಿ ಹಿಡಿಯುವ ಸಾಮಾನ್ಯ ಸ್ಟೀಲ್ ಲೋಟ, ಚಮಚ ಎಂದರೆ 5 ಮಿಲಿಯ ಟೀ ಚಮಚ. ಲೋಟ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ತೊಂದರೆಯಿಲ್ಲ, ಆದರೆ ತರಿ ಅಳೆದ ಲೋಟದಲ್ಲೇ ನೀರನ್ನೂ ಅಳೆಯಬೇಕು.

ಯಾವಾಗ ಏನು ಶುರು ಮಾಡಬೇಕು

ಭಾನುವಾರ ಮಧ್ಯಾಹ್ನ ಉಣ್ಣಬೇಕೆಂದರೆ ಗುರುವಾರ ಬೆಳಿಗ್ಗೆಯೇ ಕಳಲೆ ಹೆಚ್ಚಿ ನೀರಿಗೆ ಹಾಕಿರಬೇಕು. ಶುಕ್ರವಾರ, ಶನಿವಾರ ಬೆಳಿಗ್ಗೆ ನೀರು ಬದಲಿಸಿ. ಶನಿವಾರ ರಾತ್ರಿ ಹೆಸರುಕಾಳು ನೆನೆಹಾಕಿ, ಅಕ್ಕಿ ತೊಳೆದು ಆರಹಾಕಿ. ಭಾನುವಾರ ಬೆಳಿಗ್ಗೆ ತರಿ ಒಡೆದಿಟ್ಟುಕೊಂಡರೆ ಊಟಕ್ಕೆ ಎರಡು ಗಂಟೆ ಮೊದಲು ಒಲೆ ಹಚ್ಚಿದರೆ ಸಾಕು. ಮೊದಲು ಸಾರು, ಆಮೇಲೆ ಕಡುಬು, ಕಡುಬು ಹಬೆಯಲ್ಲಿರುವಾಗ ತಂಬುಳಿ. ಈ ಕ್ರಮ ತಪ್ಪಿಸಬೇಡಿ. ಸಾರು ಕಾದಷ್ಟೂ ರುಚಿಯಾಗುತ್ತದೆ, ಕಡುಬು ಕಾದರೆ ಗಟ್ಟಿಯಾಗುತ್ತದೆ.

ಕಳಲೆ ಆರಿಸುವುದು, ಸುಲಿಯುವುದು

ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಮಾರಲು ಬರುವ ಕಳಲೆಯಲ್ಲಿ ಒಂದರಿಂದ ಒಂದೂವರೆ ಅಡಿ ಉದ್ದದ್ದು ಒಳ್ಳೆಯದು. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕ ಇರಬೇಕು, ಹೊರಗಿನ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಬುಡದ ಕೊಯ್ದ ಭಾಗಕ್ಕೆ ಉಗುರು ಒತ್ತಿದರೆ ಸುಲಭವಾಗಿ ಇಳಿಯಬೇಕು. ಎರಡು ಅಡಿ ದಾಟಿದ ಕಳಲೆಯ ಬುಡವೆಲ್ಲ ನಾರು, ತುದಿ ಮಾತ್ರ ಸಿಗುತ್ತದೆ. ಕೊಯ್ದ ಜಾಗ ಕಪ್ಪಾಗಿ ಲೋಳೆಯಾಗಿದ್ದರೆ ಎರಡು ಮೂರು ದಿನದ ಹಳೆಯ ಮಾಲು, ಬೇಡ. ಸುಲಿದು ಹೆಚ್ಚಿ ನೀರಿನಲ್ಲಿಟ್ಟು ಮಾರುವ ಕಳಲೆಯೂ ಸಿಗುತ್ತದೆ. ಅದು ಎಷ್ಟು ದಿನ ನೆನೆದಿದೆ ಎಂದು ಮಾರುವವರನ್ನು ಕೇಳಿಕೊಳ್ಳಿ, ಹೇಳಲಾರರಾದರೆ ಇವತ್ತೇ ಹೆಚ್ಚಿದ್ದು ಎಂದುಕೊಂಡು ಮೂರು ದಿನದ ಲೆಕ್ಕ ಹೊಸದಾಗಿ ಶುರು ಮಾಡಿ. ಮೀಸಲು ಅರಣ್ಯದ ಮೆಳೆಗೆ ಕೈಹಾಕುವುದು ಅರಣ್ಯ ಕಾನೂನಿನ ಪ್ರಕಾರ ತಪ್ಪು. ಸ್ವಂತ ಹಿತ್ತಲಿನ ಮೆಳೆಯಿದ್ದರೂ ಮೂಡಿದ ಕಳಲೆಯನ್ನೆಲ್ಲ ಕೀಳಬಾರದು. ಮುಂದಿನ ಗಳ ಆಗಬೇಕಾದ್ದು ಅದೇ.

ಹೊರಹಾಳೆಯ ಮೇಲೆ ಕಂದು ಬಣ್ಣದ ಸಣ್ಣ ಸುಂಕು ಇರುತ್ತದೆ. ಅದು ಚರ್ಮಕ್ಕೆ ಚುಚ್ಚಿಕೊಂಡರೆ ದಿನವಿಡೀ ನವೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಒದ್ದೆ ಗೋಣಿಯ ಮೇಲೆ ಕಳಲೆ ಹೊರಳಿಸಿ ಒರೆಸಿಕೊಂಡರೆ ಸುಂಕು ಬಹುಪಾಲು ಹೋಗುತ್ತದೆ. ಬುಡದಿಂದ ತುದಿಯವರೆಗೆ ಒಂದು ಬದಿಗೆ ಚಾಕುವಿನಿಂದ ಉದ್ದಕ್ಕೆ ಗೀರಿ ಹಾಳೆಗಳನ್ನು ಒಟ್ಟಿಗೆ ಬಿಡಿಸಿ. ಒಳಗೆ ಕೆನೆಬಣ್ಣದ ತಿರುಳು ಕಾಣುತ್ತದೆ. ಒಂದು ಕಿಲೋ ಕಳಲೆ ಸುಲಿದರೆ ತಿನ್ನಲು ಸಿಗುವುದು ಅರ್ಧಕ್ಕಿಂತ ಕಡಿಮೆ, ಸಾಮಾನ್ಯವಾಗಿ 350ರಿಂದ 400 ಗ್ರಾಂ. ನಾಲ್ಕು ಜನರ ಸಾರಿಗೆ ಅಷ್ಟು ಸರಿಹೋಗುತ್ತದೆ.

ಹೆಚ್ಚುವುದು ತುದಿಯಿಂದ ಶುರುವಾಗಲಿ. ಅಡ್ಡಡ್ಡ ಬಿಲ್ಲೆ ಮಾಡುತ್ತಾ ಬುಡದ ಕಡೆ ಬನ್ನಿ. ಚಾಕು ಒತ್ತಿ ಇಳಿಸಬೇಕಾಗಿ ಬಂದ ಕಡೆ ನಿಲ್ಲಿಸಿ. ಅಲ್ಲಿಂದ ಕೆಳಗಿನದ್ದು ಎಷ್ಟು ಬೇಯಿಸಿದರೂ ನಾರು ನಾರೇ. ಬಿಲ್ಲೆಗಳು ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರಬಾರದು. ಅವನ್ನು ಮತ್ತೆ ಕಡಲೆಬೇಳೆಯ ಎರಡರಷ್ಟು ಗಾತ್ರಕ್ಕೆ ಕೊಚ್ಚಿಕೊಳ್ಳಿ. ಸಣ್ಣ ಹೋಳಿಗೆ ಮಸಾಲೆಯೂ ಬೇಗ ಹಿಡಿಯುತ್ತದೆ, ಕಹಿಯೂ ಬೇಗ ಬಿಡುತ್ತದೆ.

ಮೂರು ದಿನ ಯಾಕೆ ನೆನೆಸಬೇಕು

ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಅಂಶ ಇದೆ. ಕಳಲೆಯನ್ನು ಕೊಯ್ದಾಗ, ಜಗಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಇದು ನಿಜವಾದ ವಿಷ. ಆದ್ದರಿಂದ ಹಸಿ ಕಳಲೆಯ ಪಲ್ಯ, ಸಲಾಡ್ ಎಂಬ ಪ್ರಯೋಗಗಳು ಖಂಡಿತ ಬೇಡ. ಸಮಾಧಾನದ ಸಂಗತಿಯೆಂದರೆ ಈ ಅಂಶ ನೀರಿಗೆ ಇಳಿಯುತ್ತದೆ, ಬಿಸಿಗೆ ಒಡೆಯುತ್ತದೆ. ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಆವಿಯಾಗುವ ವಸ್ತು. ಹಳಬರ ನೀರು ಬದಲಿಸುವ ಪದ್ಧತಿ, ಮುಚ್ಚಳ ತೆಗೆದು ಬೇಯಿಸುವ ಪದ್ಧತಿ ಎರಡಕ್ಕೂ ಕಾರಣ ಇದೇ.

ಹೆಚ್ಚಿದ ಕಳಲೆಯನ್ನು ಅಗಲ ಬಾಯಿಯ ಸ್ಟೀಲ್ ಅಥವಾ ಪಿಂಗಾಣಿ ಪಾತ್ರೆಗೆ ಹಾಕಿ, ಹೋಳುಗಳ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹೊಯ್ಯಿರಿ. ಮೇಲೆ ತೇಲುವ ಹೋಳು ಕಪ್ಪಾಗುತ್ತದೆ, ಹಾಗಾಗಿ ಒಂದು ತಟ್ಟೆ ಕವುಚಿ ಹಾಕಿ ಅದುಮಿಡಿ. ಪ್ರತಿ 24 ಗಂಟೆಗೊಮ್ಮೆ ನೀರು ಪೂರ್ತಿ ಬಸಿದು, ಹೋಳುಗಳನ್ನು ಹೊಸ ನೀರಿನಲ್ಲಿ ಒಮ್ಮೆ ಅಲುಗಾಡಿಸಿ ತೊಳೆದು, ಮತ್ತೆ ಹೊಸ ನೀರು ತುಂಬಿ. ಎರಡನೇ ದಿನ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿ ಹುಳಿವಾಸನೆ ಬರುತ್ತದೆ. ಗಾಬರಿ ಬೇಡ, ಅದು ಹುದುಗು ಬಂದ ವಾಸನೆ, ಕಳಲೆ ಸಾರಿನ ಘಮ ಇರುವುದೇ ಅದರಲ್ಲಿ. ಹೋಳು ಮುಟ್ಟಿದರೆ ಜಾರುವಷ್ಟು ಲೋಳೆಯಾಗಿದ್ದರೆ, ಮೇಲೆ ಬೂಷ್ಟು ಕಟ್ಟಿದ್ದರೆ, ಕೊಳೆತ ವಾಸನೆ ಇದ್ದರೆ ಮಾತ್ರ ಎಸೆಯಿರಿ. ಹಾಗಾಗುವುದು ನೀರು ಬದಲಿಸುವುದು ತಪ್ಪಿದಾಗ, ಇಲ್ಲವೇ ಎಣ್ಣೆ ಜಿಡ್ಡಿನ ಪಾತ್ರೆ ಬಳಸಿದಾಗ.

ಬಸಿದ ನೀರನ್ನು ಕಲಗಚ್ಚಿಗೆ ಸೇರಿಸಬಾರದು. ದನಕರುಗಳಿಗೆ ಅದು ಒಳ್ಳೆಯದಲ್ಲ. ಸುಲಿದ ಹಾಳೆಯನ್ನೂ ಕೊಟ್ಟಿಗೆಗೆ ಹಾಕದೆ ಗೊಬ್ಬರದ ಗುಂಡಿಗೆ ಹಾಕಿ.

ನಾಲ್ಕನೇ ದಿನ ಹೋಳುಗಳನ್ನು ಎರಡು ಸಲ ತೊಳೆದು, ಮುಳುಗುವಷ್ಟು ಹೊಸ ನೀರಿನಲ್ಲಿ ಮುಚ್ಚಳ ಹಾಕದೆ 20 ನಿಮಿಷ ಕುದಿಸಿ. ಆ ನೀರನ್ನೂ ಬಸಿದು ಚೆಲ್ಲಿ. ಇದಕ್ಕೆ ಕುಕ್ಕರ್ ಬೇಡ. ಮುಚ್ಚಿದ ಪಾತ್ರೆಯಲ್ಲಿ ಆವಿ ಹೊರಗೆ ಹೋಗಲು ದಾರಿಯಿರುವುದಿಲ್ಲ. ಬಸಿದ ಮೇಲೆ ಒಂದು ಹೋಳು ಬಾಯಿಗೆ ಹಾಕಿ ನೋಡಿ. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಕಡಿದರೆ ಗರಿಮುರಿ ಇರಬೇಕು. ನಾಲಿಗೆಯ ಹಿಂದೆ ಕಹಿ ನಿಂತರೆ ಉಗಿದು, ಇನ್ನೊಂದು ನೀರಿನಲ್ಲಿ 15 ನಿಮಿಷ ಕುದಿಸಿ ಮತ್ತೆ ನೋಡಿ. ಈ ಪರೀಕ್ಷೆ ಬಿಟ್ಟು ಮಸಾಲೆ ಹಾಕಿದರೆ ಆಮೇಲೆ ಸರಿಪಡಿಸಲು ಸಾಧ್ಯವಿಲ್ಲ.

ಮೂರು ದಿನ ಕಾಯಲು ಆಗದವರು ಬಿಲ್ಲೆಗಳನ್ನು ಆದಷ್ಟು ತೆಳ್ಳಗೆ ಹೆಚ್ಚಿ, ಪ್ರತಿ ಸಲ ಹೊಸ ನೀರು ಹಾಕಿ, 20 ನಿಮಿಷದಂತೆ ಮೂರು ಸಲ ತೆರೆದ ಪಾತ್ರೆಯಲ್ಲಿ ಕುದಿಸಿ ಬಸಿಯಬಹುದು. ಕಹಿ ಹೋಗುತ್ತದೆ. ಆದರೆ ಆ ಹುಳಿಘಮ ಬರುವುದಿಲ್ಲ, ಸಾರು ಸಪ್ಪೆ ಎನಿಸುತ್ತದೆ. ನಮ್ಮ ಮಟ್ಟಿಗೆ ಇದು ತೀರಾ ಅನಿವಾರ್ಯವಾದಾಗಿನ ದಾರಿ.

ಸಾರು

ಬೇಕಾಗುವುದು: ಬೇಯಿಸಿ ಬಸಿದ ಕಳಲೆ 2 ಲೋಟ, ರಾತ್ರಿ ನೆನೆಸಿದ ಹೆಸರುಕಾಳು (ಒಣಗಿದ್ದಾಗ ಮುಕ್ಕಾಲು ಲೋಟ), ಈರುಳ್ಳಿ 2, ಕಾಯಿತುರಿ 1 ಲೋಟ, ಬ್ಯಾಡಗಿ ಮೆಣಸಿನಕಾಯಿ 6, ಗುಂಟೂರು ಮೆಣಸಿನಕಾಯಿ 2, ಕೊತ್ತಂಬರಿ ಬೀಜ 5 ಚಮಚ, ಜೀರಿಗೆ 1 ಚಮಚ, ಕಾಳುಮೆಣಸು 8, ಮೆಂತೆ ಕಾಲು ಚಮಚ, ಅರಿಶಿನ ಕಾಲು ಚಮಚ, ಬೆಳ್ಳುಳ್ಳಿ 10 ಎಸಳು, ಸಣ್ಣ ನಿಂಬೆ ಗಾತ್ರದ ಹುಣಸೆಹುಳಿ, ಕೊಬ್ಬರಿ ಎಣ್ಣೆ 6 ಚಮಚ, ಸಾಸಿವೆ, ಕರಿಬೇವು, ಉಪ್ಪು. ಗುಂಟೂರಿನ ಬದಲು ಹಿತ್ತಲಿನ ಸೂಜಿಮೆಣಸು ನಾಲ್ಕೈದು ಹಾಕಿದರೆ ಖಾರಕ್ಕೆ ಬೇರೆಯೇ ಚುರುಕು ಬರುತ್ತದೆ. ಅದನ್ನು ಹುರಿಯದೆ ಹಸಿಯಾಗಿಯೇ ರುಬ್ಬಬೇಕು.

ಹೆಸರುಕಾಳನ್ನು ಎರಡೂವರೆ ಲೋಟ ನೀರಿನಲ್ಲಿ ಬೇಯಿಸಿ. ಕಾಳು ಬೆರಳಲ್ಲಿ ಅದುಮಿದರೆ ಮೆತ್ತಗಾಗಬೇಕು, ಸಿಪ್ಪೆ ಒಡೆದು ಗಂಜಿಯಾಗಬಾರದು. ತೆರೆದ ಪಾತ್ರೆಯಲ್ಲಿ 15ರಿಂದ 20 ನಿಮಿಷ, ಕುಕ್ಕರಿನಲ್ಲಾದರೆ ಒಂದೇ ಕೂಗು. ಬೇಯಿಸಿದ ನೀರು ಚೆಲ್ಲಬೇಡಿ.

ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಮೊದಲು ಮೆಣಸಿನಕಾಯಿ ಗರಿಯಾಗುವಷ್ಟು ಹುರಿದು ತೆಗೆಯಿರಿ. ನಂತರ ಕೊತ್ತಂಬರಿ, ಕಾಳುಮೆಣಸು, ಅವು ಘಮ್ಮೆಂದ ಮೇಲೆ ಜೀರಿಗೆ. ಮೆಂತೆಯನ್ನು ಬೇರೆಯಾಗಿಯೇ ಹುರಿಯಿರಿ, ಕೆಂಪಗಾದ ತಕ್ಷಣ ಇಳಿಸಿ. ಮೆಂತೆ ಸೀದರೆ ಸಾರೆಲ್ಲ ಕಹಿಯಾಗುತ್ತದೆ, ತಪ್ಪು ಮಾತ್ರ ಕಳಲೆಯ ತಲೆಗೆ ಬರುತ್ತದೆ. ಕಳಲೆ ಹೋಳನ್ನು ಮೊದಲೇ ರುಚಿ ನೋಡಿಟ್ಟುಕೊಂಡಿದ್ದರೆ ಕಹಿ ಎಲ್ಲಿಂದ ಬಂತು ಎಂಬ ಗೊಂದಲ ಇರುವುದಿಲ್ಲ. ಹುರಿದದ್ದಕ್ಕೆ ಕಾಯಿತುರಿ, ಅರಿಶಿನ, ಒಂದು ಈರುಳ್ಳಿಯ ಹೋಳು, ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಿ ಒಂದು ಲೋಟ ನೀರಿನಲ್ಲಿ ನುಣ್ಣಗೆ ರುಬ್ಬಿಕೊಳ್ಳಿ.

ಈಗ ದಪ್ಪ ತಳದ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಇನ್ನೊಂದು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಬಾಡಿಸಿ, ಬಸಿದ ಕಳಲೆ ಹಾಕಿ ಐದಾರು ನಿಮಿಷ ಹುರಿಯಿರಿ. ನೀರಿನಲ್ಲೇ ಇದ್ದ ಹೋಳಿನ ಒದ್ದೆ ಆರಿ ಅಂಚು ಸ್ವಲ್ಪ ಬಣ್ಣ ತಿರುಗಬೇಕು. ಬಹಳ ಜನ ಈ ಹುರಿಯುವುದನ್ನು ಬಿಡುತ್ತಾರೆ, ಆಗ ಮಸಾಲೆ ಒಂದು ಕಡೆ ಕಳಲೆ ಒಂದು ಕಡೆ ಆಗುತ್ತದೆ. ರುಬ್ಬಿದ ಮಸಾಲೆ ಹಾಕಿ ಹಸಿವಾಸನೆ ಹೋಗುವವರೆಗೆ ಮತ್ತೆ ಐದು ನಿಮಿಷ ಕೈಯಾಡಿಸಿ. ಬೆಂದ ಕಾಳನ್ನು ನೀರಿನ ಸಮೇತ ಸೇರಿಸಿ, ಒಂದೂವರೆ ಚಮಚ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ. ಹುಣಸೆರಸ ಕೊನೆಯ ಐದು ನಿಮಿಷಕ್ಕೆ. ಹುಳಿ ಮೊದಲೇ ಬಿದ್ದರೆ ಕಾಳು, ಹೋಳು ಎರಡೂ ಬೇಗ ಮೆತ್ತಗಾಗುವುದಿಲ್ಲ. ಕಳಲೆಗೆ ಅದರದ್ದೇ ಹುಳಿ ಇರುವುದರಿಂದ ಹುಣಸೆರಸವನ್ನು ಅರ್ಧ ಹಾಕಿ ರುಚಿ ನೋಡಿ ಉಳಿದದ್ದು ಹಾಕಿ. ಮನೆಯಲ್ಲಿ ಒಣಗಿಸಿದ ವಾಟೆಹುಳಿ ಇದ್ದವರಿಗೆ ಹುಣಸೆ ಬೇಕಿಲ್ಲ, ಮೂರು ನಾಲ್ಕು ಚೂರು ಬಿಸಿನೀರಿನಲ್ಲಿ ನೆನೆಸಿ ಹಿಂಡಿದರೆ ಸಾಕು.

ಕಡುಬಿಗೆ ಮಾಡುವ ಸಾರು ಅನ್ನಕ್ಕೆ ಮಾಡುವುದಕ್ಕಿಂತ ಗಟ್ಟಿ ಇರಬೇಕು. ಸೌಟಿನಿಂದ ಹೊಯ್ದರೆ ಕಡುಬಿನ ಮೇಲೆ ನಿಂತು ನಿಧಾನ ಇಳಿಯಬೇಕು. ಉಳಿದ ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ಮುಚ್ಚಿಡಿ. ಬೆಳ್ಳುಳ್ಳಿ ಹೊಂಬಣ್ಣ ಬರುವವರೆಗೆ ಕಾಯಬೇಕು.

ತರಿ ಒಡೆಯುವುದು

ಕಡುಬಿಗೆ ಹಳೆಯ ದಪ್ಪಕ್ಕಿ ಉತ್ತಮ. ಮನೆಯ ಗದ್ದೆಯ ಇಂಟಾನ್ ತಳಿಯ ಅಕ್ಕಿ ಇದ್ದರೆ ಸರಿಯೇ ಸರಿ, ಇಲ್ಲವಾದರೆ ಪಡಿತರದ ಅಕ್ಕಿಯೂ ಚೆನ್ನಾಗಿಯೇ ಆಗುತ್ತದೆ. ಸಣ್ಣಕ್ಕಿಯಲ್ಲಿ, ಅದೂ ಹೊಸ ಸೋನಾಮಸೂರಿಯಲ್ಲಿ ಅಂಟು ಜಾಸ್ತಿ. ಅಂಗಡಿಯ ಇಡ್ಲಿ ರವೆ ಬಹುಮಟ್ಟಿಗೆ ಕುಸುಬಲಕ್ಕಿಯಿಂದ ಮಾಡಿದ್ದು. ಅದು ಹಿಡಿಯುವ ನೀರಿನ ಲೆಕ್ಕವೇ ಬೇರೆ, ಉಂಡೆ ಕಟ್ಟಿದರೂ ಬಿರುಕು ಬಿಡುತ್ತದೆ.

ಮೂರು ಲೋಟ, ಅಂದರೆ ಸುಮಾರು ಅರ್ಧ ಕಿಲೋ ಅಕ್ಕಿಯನ್ನು ಎರಡು ಸಲ ತೊಳೆದು, ಹತ್ತು ನಿಮಿಷ ನೀರಿನಲ್ಲಿ ಬಿಟ್ಟು, ಜರಡಿಯಲ್ಲಿ ಬಸಿದು ಹತ್ತಿಬಟ್ಟೆಯ ಮೇಲೆ ತೆಳ್ಳಗೆ ಹರಡಿ. ಬೇಸಿಗೆಯಲ್ಲಿ ಒಂದು ಗಂಟೆಗೆ ಆರುವ ಅಕ್ಕಿ ಮಳೆಗಾಲದಲ್ಲಿ ರಾತ್ರಿಯಿಡೀ ಬೇಕಾಗಬಹುದು. ಫ್ಯಾನ್ ಕೆಳಗೆ ಹಾಕಿ, ಇಲ್ಲವೇ ಒಲೆಯ ಮೇಲಿನ ಬೆಚ್ಚಗಿನ ಜಾಗದಲ್ಲಿಡಿ. ಮುಷ್ಟಿಯಲ್ಲಿ ಅಕ್ಕಿ ಹಿಡಿದು ಬಿಟ್ಟರೆ ಕೈಗೆ ಒಂದೆರಡು ಕಾಳು ಅಂಟಿ ಉಳಿದದ್ದು ಉದುರಬೇಕು. ಅದಕ್ಕಿಂತ ಒದ್ದೆಯಿದ್ದರೆ ಮಿಕ್ಸಿಯಲ್ಲಿ ಹಿಟ್ಟಾಗಿ ಗೋಡೆಗೆ ಅಂಟುತ್ತದೆ.

ಮಿಕ್ಸಿಗೆ ಒಂದು ಸಲಕ್ಕೆ ಅರ್ಧ ಲೋಟಕ್ಕಿಂತ ಹೆಚ್ಚು ಹಾಕಬೇಡಿ. ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿ, ಜರಡಿ ಹಿಡಿದು, ಇಡೀ ಕಾಳು ಉಳಿದಿದ್ದರೆ ಮತ್ತೆ ಒಡೆಯಿರಿ. ಉಪ್ಪಿಟ್ಟಿನ ರವೆಯ ಗಾತ್ರ ಬರಬೇಕು. ತುಸು ಹಿಟ್ಟು ಇದ್ದರೆ ಒಳ್ಳೆಯದೇ, ಉಂಡೆ ಹಿಡಿದುಕೊಳ್ಳುವುದು ಅದರಿಂದ. ಆದರೆ ಹಿಟ್ಟು ಕಾಲು ಭಾಗ ದಾಟಿದರೆ ಕಡುಬು ಗೋಂದಿನಂತೆ ಆಗುತ್ತದೆ. ತರಿ ದಪ್ಪ ಇದ್ದರೆ ಹೊರಗೆ ಬೆಂದು ಒಳಗೆ ಕಾಳು ಸಿಗುತ್ತದೆ. ಒಡೆದ ತರಿಯಲ್ಲಿ ಇನ್ನೂ ತೇವ ಇರುತ್ತದೆ, ಡಬ್ಬಿಯಲ್ಲಿ ತುಂಬಿಟ್ಟರೆ ಮಳೆಗಾಲದಲ್ಲಿ ಬೇಗ ಮುಗ್ಗುತ್ತದೆ. ಅಂದಿನದ್ದು ಅಂದೇ ಮುಗಿಯಲಿ. ಹೊಸ ಅಕ್ಕಿಯೇ ಗತಿ ಎನ್ನುವವರು ತರಿಯನ್ನು ಬಣ್ಣ ತಿರುಗದಂತೆ ಐದು ನಿಮಿಷ ಬೆಚ್ಚಗೆ ಹುರಿದರೆ ಅಂಟು ತಗ್ಗುತ್ತದೆ.

ಕಡುಬು

ನೀರಿನ ಲೆಕ್ಕ ಹೀಗೆ: ಹಳೆಯ ಅಕ್ಕಿಯ ತರಿ ಒಂದು ಲೋಟಕ್ಕೆ ಎರಡೂಕಾಲು ಲೋಟ ನೀರು, ಹೊಸ ಅಕ್ಕಿಯಾದರೆ ಎರಡು, ಹುರಿದ ತರಿಯಾದರೆ ಎರಡೂವರೆ. ಮೂರು ಲೋಟ ಹಳೆಯ ಅಕ್ಕಿಯ ತರಿಗೆ ಆರೂಮುಕ್ಕಾಲು ಲೋಟ ಆಯಿತು. ಅಷ್ಟನ್ನೂ ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಉಪ್ಪು, ಎರಡು ಚಮಚ ಕೊಬ್ಬರಿ ಎಣ್ಣೆಯೊಂದಿಗೆ ಕುದಿಯಲಿಡಿ. ಕುದಿ ಬಂದ ಮೇಲೆ ಮುಕ್ಕಾಲು ಲೋಟ ನೀರನ್ನು ಬೇರೆ ತೆಗೆದಿಡಿ.

1. ನೀರು ಮೇಲೆಕೆಳಗಾಗಿ ಕೊತಕೊತ ಕುದಿಯುತ್ತಿರುವಾಗ ಒಂದು ಕೈಯಲ್ಲಿ ತರಿಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಇನ್ನೊಂದು ಕೈಯಲ್ಲಿ ಮರದ ಸಟ್ಟುಗದಿಂದ ತಿರುವುತ್ತಿರಿ. ನೀರು ಕುದಿಯುವ ಮೊದಲೇ ಹಾಕಿದರೆ ತರಿ ತಳಕ್ಕೆ ಕೂರುತ್ತದೆ, ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಬೇಕಾದರೆ ಈಗಲೇ ಅರ್ಧ ಲೋಟ ಕಾಯಿತುರಿ ಸೇರಿಸಿ.

2. ಎರಡು ಮೂರು ನಿಮಿಷದಲ್ಲಿ ನೀರೆಲ್ಲ ಹೀರಿ ಮುದ್ದೆಯಾಗುತ್ತದೆ. ಉರಿ ತೀರಾ ಸಣ್ಣ ಮಾಡಿ, ಮುಚ್ಚಿ, ಆರು ನಿಮಿಷ ಬಿಡಿ. ನಡುವೆ ಒಮ್ಮೆ ತಳದಿಂದ ಮಗುಚಿ. ತರಿಯ ಕಾಳು ಬೆರಳಲ್ಲಿ ಒತ್ತಿದಾಗ ಬಿಳಿ ಚುಕ್ಕೆ ಕಾಣುತ್ತಿದ್ದು ಮುದ್ದೆ ಒಣಗಿದಂತಿದ್ದರೆ ತೆಗೆದಿಟ್ಟ ನೀರನ್ನು ಮತ್ತೆ ಕುದಿಸಿ ಸ್ವಲ್ಪ ಸ್ವಲ್ಪ ಚಿಮುಕಿಸಿ. ತಣ್ಣೀರು ಹಾಕಬೇಡಿ, ಮೇಲೆ ಅಂಟಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ.

3. ಒಲೆ ಆರಿಸಿ ಮುಚ್ಚಿಯೇ ಹತ್ತು ನಿಮಿಷ ಇಡಿ. ಈ ಹೊತ್ತಿನಲ್ಲಿ ತರಿ ತನ್ನೊಳಗಿನ ಬಿಸಿಗೇ ಇನ್ನಷ್ಟು ನೀರು ಎಳೆದುಕೊಂಡು ಅರಳುತ್ತದೆ. ಹಬೆಪಾತ್ರೆಗೆ ನೀರು ಹಾಕಿ ಈಗಲೇ ಕುದಿಯಲಿಡಿ.

4. ಅಗಲ ತಟ್ಟೆಗೆ ಮುದ್ದೆಯ ಮೂರನೇ ಒಂದು ಪಾಲು ಹಾಕಿಕೊಂಡು, ಅಂಗೈಯನ್ನು ತಣ್ಣೀರಿಗೆ ಅದ್ದುತ್ತಾ ಬಿಸಿಯಿರುವಾಗಲೇ ನಾದಿ. ಉಳಿದದ್ದು ಮುಚ್ಚಿಯೇ ಇರಲಿ. ಆರಿದ ಮುದ್ದೆ ಕೂಡಿಕೊಳ್ಳುವುದಿಲ್ಲ, ಉಂಡೆಯ ಮೇಲೆ ಕಾಣುವ ಬಿರುಕಿಗೆ ಹತ್ತರಲ್ಲಿ ಎಂಟು ಸಲ ಇದೇ ಕಾರಣ.

5. ಸುಮಾರು 90 ಗ್ರಾಂ ತೂಗುವ, ಒಂದು ಮುಷ್ಟಿಯಲ್ಲಿ ಹಿಡಿಯುವ ಉಂಡೆ ಕಟ್ಟಿ. ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ. ಉಂಡೆಯ ನಡುವಿನ ದಪ್ಪ ತಗ್ಗಿ ಹಬೆ ಒಳಗೆ ಮುಟ್ಟುತ್ತದೆ, ಉಣ್ಣುವಾಗ ಸಾರು ನಿಲ್ಲಲು ಜಾಗವೂ ಆಗುತ್ತದೆ. ಈ ಅಳತೆಗೆ 17, 18 ಕಡುಬು ಆಗುತ್ತವೆ.

6. ಹಬೆಪಾತ್ರೆಯ ತಟ್ಟೆಗೆ ಬಾಡಿಸಿದ ಬಾಳೆಎಲೆ ಹಾಸಿ, ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಡಿ. ಹಿತ್ತಲಲ್ಲಿ ಅರಿಶಿನದ ಗಿಡ ಇದ್ದರೆ ಎಲೆಯೊಂದನ್ನು ಕಿತ್ತು ಬಾಳೆಎಲೆಯ ಮೇಲೆ ಹಾಸಿದರೆ ಕಡುಬಿಗೆಲ್ಲ ಅದರ ಪರಿಮಳ ಹಿಡಿಯುತ್ತದೆ. ಎಲೆ ತಟ್ಟೆಯ ತೂತುಗಳನ್ನೆಲ್ಲ ಮುಚ್ಚಬಾರದು, ಅಂಚಿನಲ್ಲಿ ಹಬೆ ಏರಲು ಜಾಗ ಬಿಡಿ.

7. ಮುಚ್ಚಳದ ಒಳಗಡೆಗೆ ತೆಳುವಾದ ಬಟ್ಟೆ ಬಿಗಿದು ಕಟ್ಟಿ. ಇಲ್ಲವಾದರೆ ಮುಚ್ಚಳಕ್ಕೆ ಕಟ್ಟಿದ ನೀರು ತೊಟ್ಟಿಕ್ಕಿ ಮೇಲಿನ ಕಡುಬೆಲ್ಲ ಗಿಜಿಗಿಜಿ. ನೀರು ಜೋರಾಗಿ ಕುದಿಯುವಾಗ ತಟ್ಟೆ ಇಳಿಸಿ 18 ನಿಮಿಷ ಬೇಯಿಸಿ. ಎರಡು ಅಂತಸ್ತು ಇಟ್ಟರೆ 22 ನಿಮಿಷ.

8. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಮೇಲ್ಮೈಯಲ್ಲಿ ತೆಳುವಾದ ಹೊಳಪು ಬಂದಿರಬೇಕು. ಮುಚ್ಚಳ ತೆಗೆದು ಐದು ನಿಮಿಷ ಬಿಟ್ಟು ಎತ್ತಿ. ತಕ್ಷಣ ಎತ್ತಿದರೆ ತಳ ಎಲೆಗೆ ಹತ್ತಿಕೊಳ್ಳುತ್ತದೆ.

ಬೆಂದ ಮೇಲೂ ಕಡುಬು ಅಂಟುತ್ತಿದ್ದರೆ ನೀರು ಹೆಚ್ಚಾಗಿದೆ ಅಥವಾ ಅಕ್ಕಿ ಹೊಸದು. ಆ ಹೊತ್ತಿಗೆ ಮಾಡಬಹುದಾದ್ದು ಮುಚ್ಚಳ ತೆಗೆದು ಗಾಳಿಯಾಡಲು ಕಾಲು ಗಂಟೆ ಬಿಡುವುದು ಮಾತ್ರ. ಮುಂದಿನ ಸಲ ಕಾಲು ಲೋಟ ನೀರು ತಗ್ಗಿಸಿ. ಮುರಿದರೆ ಪುಡಿಪುಡಿಯಾಗುತ್ತಿದ್ದರೆ ನೀರು ಕಡಿಮೆಯಾಗಿದೆ. ಅಕ್ಕಿ ಬದಲಾದಾಗಲೆಲ್ಲ ಮೊದಲ ಸಲ ಒಂದು ಲೋಟ ತರಿಯಲ್ಲಿ ಮಾಡಿ ನೋಡುವುದು ಜಾಣತನ.

ತಂಬುಳಿ

ಕಳಲೆ ಉಷ್ಣ, ತಂಬುಳಿ ತಂಪು ಎಂಬುದು ಮಲೆನಾಡಿನ ಮನೆಗಳ ಲೆಕ್ಕ. ಬಸುರಿಯರಿಗೆ ಕಳಲೆ ಬಡಿಸದಿರುವ ರೂಢಿಯೂ ಅದರಿಂದಲೇ ಬಂದದ್ದು.

ಒಂದೆಲಗವನ್ನು ಬೇರು ತೆಗೆದು, ದಂಟಿನ ಸಮೇತ ಒಂದು ಹಿಡಿ ತೆಗೆದುಕೊಳ್ಳಿ. ಅಡಿಕೆ ತೋಟದ ಕಾದಿಗೆಯಲ್ಲಿ, ಅಂದರೆ ನೀರು ಬಸಿದು ಹೋಗುವ ಕಾಲುವೆಯಲ್ಲಿ, ಅದು ಹುಲುಸಾಗಿ ಬೆಳೆಯುತ್ತದೆ. ಆದರೆ ಅದೇ ದಿನಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಸೇರಿದ ಆ ದ್ರಾವಣ ಮರದಿಂದ ಇಳಿದು ಸೊಪ್ಪಿನ ಮೇಲೆ ನೀಲಿಗಟ್ಟಿರುತ್ತದೆ. ಹೊಡೆದ ತೋಟದ ಸೊಪ್ಪು ಬೇಡ. ಗದ್ದೆ ಬದುವಿನದ್ದೋ, ಹಿತ್ತಲಿನ ಕುಂಡದ್ದೋ ತನ್ನಿ, ಮೂರು ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯಿರಿ.

ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು ಚಟಪಟ ಎನ್ನುವವರೆಗೆ ಹುರಿದು, ಕಾಲು ಲೋಟ ಕಾಯಿತುರಿ, ಹಸಿ ಒಂದೆಲಗ ಸೇರಿಸಿ ನುಣ್ಣಗೆ ರುಬ್ಬಿ. ಎರಡು ಲೋಟ ಹುಳಿಯಿಲ್ಲದ ಕಡೆದ ಮಜ್ಜಿಗೆಗೆ ಬೆರೆಸಿ, ಅರ್ಧ ಚಮಚ ಉಪ್ಪು ಹಾಕಿ, ತುಪ್ಪದಲ್ಲಿ ಸಾಸಿವೆ ಮತ್ತು ಒಂದು ಒಣಮೆಣಸಿನ ಒಗ್ಗರಣೆ ಕೊಡಿ. ಬಿಸಿ ಮಾಡುವಂತಿಲ್ಲ, ಮಾಡಿದರೆ ಒಡೆಯುತ್ತದೆ. ಊಟಕ್ಕೆ ಹತ್ತು ನಿಮಿಷ ಮೊದಲು ಮಜ್ಜಿಗೆ ಬೆರೆಸಿದರೆ ಬಣ್ಣ ಹಸಿರಾಗಿಯೇ ಇರುತ್ತದೆ. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆಯ ಹನ್ನೆರಡು ಎಲೆ ಆದೀತು. ಅದನ್ನು ಮಾತ್ರ ತುಪ್ಪದಲ್ಲಿ ಬಾಡಿಸಿಯೇ ರುಬ್ಬಬೇಕು, ಹಸಿಯಾಗಿ ರುಬ್ಬಿದರೆ ಘಾಟು.

ಬಡಿಸುವುದು, ಉಳಿದದ್ದು

ಕಡುಬನ್ನು ತಟ್ಟೆಯಲ್ಲಿ ಎರಡಾಗಿ ಮುರಿದು, ಗುಳಿಗೆ ಅರ್ಧ ಚಮಚ ತುಪ್ಪ ಹಾಕಿ, ಮೇಲೆ ಸಾರು ಹೊಯ್ಯಿರಿ. ತಂಬುಳಿ ಬೇರೆ ಬಟ್ಟಲಲ್ಲಿರಲಿ, ಕೊನೆಯ ಒಂದು ತುತ್ತು ಅನ್ನಕ್ಕೂ ಆಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಮಿಡಿ ಸಾಕು, ಸಾರಿಗೇ ಹುಳಿಖಾರ ಇದೆ. ಮಾಂಸ ತಿನ್ನುವ ಮನೆಗಳಲ್ಲಿ ಇದೇ ಕಡುಬಿಗೆ ಕೋಳಿಸಾರು ಮಾಡುತ್ತಾರೆ, ಆಗ ತರಿಗೆ ಕಾಯಿತುರಿ ಹಾಕದಿದ್ದರೆ ಒಳ್ಳೆಯದು.

ಉಳಿದ ಕಡುಬನ್ನು ಮರುದಿನ ಬೆಳಿಗ್ಗೆ ಬೆರಳ ದಪ್ಪಕ್ಕೆ ಬಿಲ್ಲೆ ಮಾಡಿ, ಕಾವಲಿಯಲ್ಲಿ ತುಪ್ಪ ಹಾಕಿ ಎರಡೂ ಬದಿ ಕೆಂಪಗೆ ಕಾಯಿಸಿ. ಕಳಲೆ ಸಾರನ್ನು ರಾತ್ರಿ ಒಮ್ಮೆ ಕುದಿಸಿಟ್ಟಿದ್ದರೆ ಮರುದಿನ ಇನ್ನೂ ರುಚಿ, ಎರಡನೇ ದಿನಕ್ಕಿಂತ ಮುಂದೆ ಇಡಬೇಡಿ, ಕಾಯಿ ಹಾಕಿದ್ದು.

ಕಳಲೆ ಹೆಚ್ಚು ಸಿಕ್ಕಿದ್ದರೆ ಉಪ್ಪಿನಲ್ಲಿ ಹಾಕಿಡಬಹುದು. ಮೂರು ದಿನ ನೀರು ಬದಲಿಸಿ ನೆನೆಸಿದ ಬಿಲ್ಲೆಗಳನ್ನು ಬಸಿದು, ಬಟ್ಟೆಯ ಮೇಲೆ ಒದ್ದೆ ಆರಿಸಿ, ಒಂದು ಕಿಲೋಗೆ 250 ಗ್ರಾಂ ಕಲ್ಲುಪ್ಪಿನಂತೆ ಭರಣಿಯಲ್ಲಿ ಒಂದು ಪದರ ಕಳಲೆ, ಒಂದು ಪದರ ಉಪ್ಪು ಹಾಕುತ್ತಾ ಬಂದು, ಮೇಲೆ ತೊಳೆದ ಕಲ್ಲು ಹೇರಿಡಿ. ಎರಡು ಮೂರು ದಿನದಲ್ಲಿ ಉಪ್ಪುನೀರು ಬಿಟ್ಟು ಹೋಳು ಮುಳುಗುತ್ತದೆ. ಮುಳುಗದಿದ್ದರೆ ಕಾಯಿಸಿ ಆರಿಸಿದ ನೀರಿಗೆ ಗಟ್ಟಿಯಾಗಿ ಉಪ್ಪು ಕದಡಿ ತುಂಬಿ. ತೆಗೆಯುವಾಗ ಒಣ ಮರದ ಸೌಟು ಬಳಸಿ. ಬಳಸುವ ಹಿಂದಿನ ರಾತ್ರಿ ನೀರಿನಲ್ಲಿ ಹಾಕಿ, ಎರಡು ಸಲ ನೀರು ಬದಲಿಸಿ, ತೆರೆದ ಪಾತ್ರೆಯಲ್ಲಿ 20 ನಿಮಿಷ ಕುದಿಸಿ ಬಸಿದು ಸಾರಿಗೆ ಹಾಕಿ. ಹೋಳಿನಲ್ಲಿ ಉಪ್ಪು ಉಳಿದೇ ಇರುತ್ತದೆ, ಹಾಗಾಗಿ ಸಾರಿಗೆ ಉಪ್ಪು ಹಾಕುವುದು ಕೊನೆಗೆ, ರುಚಿ ನೋಡಿ.